ಹೊಲಿಗೆಯೊಳಗೆ ಉಳಿದ ಕಾಗದ

ದೂಮಪ್ಪನಿಗೆ ಅರಬ್ಬಿ ಓದಲು ಬರುತ್ತಿರಲಿಲ್ಲ. ಇಂಗ್ಲಿಷಿನಲ್ಲಿ ದೊಡ್ಡಕ್ಷರಗಳನ್ನು ಒಂದೊಂದಾಗಿ ಬಿಡಿಸಿ ಹೆಸರು ಕೂಡಿಸುವಷ್ಟು ಬರುತ್ತಿತ್ತು. ಆದರೂ ಮಸ್ಕತ್ತಿನ ರೂವಿಯಲ್ಲಿದ್ದ ಖಲ್ಫಾನ್ ವಕೀಲರ ಕಚೇರಿಗೆ ಬರುವ ಅಷ್ಟೂ ಕಾಗದಗಳು ಮೊದಲು ಬೀಳುತ್ತಿದ್ದದ್ದು ಅವನ ಕೈಗೆ. ಆ ಊರಿನಲ್ಲಿ ಅಂಚೆಯವನು ಮನೆ ಬಾಗಿಲಿಗೆ ಬರುವ ಪದ್ಧತಿ ಇಲ್ಲ. ಅಂಚೆ ಕಚೇರಿಯ ಗೋಡೆಯಲ್ಲಿ ಸಾಲಾಗಿ ಕೂರಿಸಿದ ಪುಟ್ಟ ಪುಟ್ಟ ಪೆಟ್ಟಿಗೆಗಳು, ಒಂದೊಂದು ಪೆಟ್ಟಿಗೆಗೆ ಒಂದೊಂದು ಬೀಗ. ಬೆಳಿಗ್ಗೆ ಒಂಬತ್ತಕ್ಕೆ ದೂಮಪ್ಪ ಹೋಗಿ ಬೀಗ ತೆಗೆದರೆ ಒಳಗೆ ಎಲ್ಲವೂ ಒಟ್ಟಿಗೆ ಬಿದ್ದಿರುತ್ತಿದ್ದವು. ಕಕ್ಷಿದಾರರ ಕಾಗದ, ಕೋರ್ಟಿನ ನೋಟೀಸು, ವಕೀಲರ ಮನೆಯವರಿಗೆ ಬಂದದ್ದು, ಟೈಪಿಸ್ಟ್ ಪಾಸ್ಕಲನಿಗೆ ಶಿರ್ವದಿಂದ ಬಂದದ್ದು, ದೂಮಪ್ಪನಿಗೇ ಕಿನ್ನಿಗೋಳಿಯಿಂದ ಹೆಂಡತಿ ವಿನೋದಾ ಬರೆದದ್ದು.

ಅವನು ಅವುಗಳನ್ನು ಓದಿ ಬೇರ್ಪಡಿಸುತ್ತಿರಲಿಲ್ಲ, ನೋಡಿ ಬೇರ್ಪಡಿಸುತ್ತಿದ್ದ. ಯಾವ ದೇಶದ ಅಂಚೆಚೀಟಿ, ಲಕೋಟೆಯ ಉದ್ದ ಎಷ್ಟು, ವಿಳಾಸ ಕೈಯಲ್ಲಿ ಬರೆದದ್ದೋ ಟೈಪು ಮಾಡಿದ್ದೋ, ಕಾಗದ ತೆಳುವೋ ದಪ್ಪವೋ. ಊರಿನಲ್ಲಿ ಹನ್ನೊಂದು ವರ್ಷ ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಬೈಂಡಿಂಗ್ ಕೆಲಸ ಮಾಡಿದವನು ಅವನು. ಕಾಗದವನ್ನು ಬೆರಳಿನಲ್ಲಿ ಮುಟ್ಟಿದರೆ ಅದರ ಜಾತಕ ಹೇಳುತ್ತಿದ್ದ. ವಕೀಲರು ಅವನನ್ನು ಕರೆಸಿಕೊಂಡದ್ದೂ ಆ ಕೆಲಸಕ್ಕಾಗಿಯೇ. ಖಲ್ಫಾನ್ ವಕೀಲರ ತಂದೆ ಜಾಂಜಿಬಾರ್ ದ್ವೀಪದಲ್ಲಿ ಲವಂಗದ ವ್ಯಾಪಾರ ಮಾಡುತ್ತಿದ್ದವರು. ಬಂದ ಕಾಗದ ಮನೆಯದ್ದಾಗಲಿ ವ್ಯಾಪಾರದ್ದಾಗಲಿ, ಅದಕ್ಕೆ ಸಂಖ್ಯೆ ಹಾಕಿ, ವರ್ಷದ ಕೊನೆಗೆ ಪುಸ್ತಕದಂತೆ ಹೊಲಿಸಿ ಇಡುವುದು ಅವರ ರೂಢಿಯಾಗಿತ್ತಂತೆ. ಅರವತ್ತನಾಲ್ಕರಲ್ಲಿ ಅಲ್ಲಿ ದಂಗೆಯಾಗಿ ಮನೆ ಬಿಟ್ಟು ಓಡಿಬಂದಾಗ ಆ ಪುಸ್ತಕಗಳೆಲ್ಲ ಅಲ್ಲೇ ಉಳಿದುಹೋದವು. ಆ ನೋವಿನಲ್ಲಿಯೋ ಏನೋ, ಮಗ ಮಸ್ಕತ್ತಿನಲ್ಲಿ ಕಚೇರಿ ತೆರೆದ ಮೇಲೆ ತಾವೂ ಅದೇ ಕ್ರಮ ಹಿಡಿದರು. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ ದೂಮಪ್ಪ ಬಂದದ್ದು. ಬಂದವನು ದಬ್ಬಣ, ಹುರಿ, ಗೋಂದು, ರಟ್ಟು ಎಲ್ಲ ಹೊಂದಿಸಿಕೊಂಡು ಕಚೇರಿಯ ಹಿಂದಿನ ಕೋಣೆಯಲ್ಲಿ ಕೆಲಸಕ್ಕೆ ಕೂತ. ಮುಗಿದ ಖಟ್ಲೆಯ ಕಾಗದಗಳನ್ನು ಅವನು ಹೊಲಿದು ಕೊಟ್ಟರೆ ಒಂದು ಹಾಳೆ ಹಿಡಿದು ಎಳೆದರೂ ಜಗ್ಗುತ್ತಿರಲಿಲ್ಲ.

"ನೀವು ಹೊಲಿದ ಪುಸ್ತಕ ಪ್ರಳಯಕ್ಕೂ ಬಿಚ್ಚುವುದಿಲ್ಲ ದೂಮಣ್ಣ" ಎಂದು ಪಾಸ್ಕಲ್ ತಮಾಷೆ ಮಾಡುತ್ತಿದ್ದ. "ಅಂತಿಮ ತೀರ್ಪಿನ ದಿವಸ ದೇವರು ಫೈಲು ಕೇಳಿದರೆ ನಿಮ್ಮನ್ನೇ ಕರೆಸಬೇಕು."

"ಕರೆಸಲಿ ಪೊರ್ಬುಗಳೇ, ವೀಸಾ ಅವರೇ ಕೊಡಲಿ" ಎನ್ನುತ್ತಿದ್ದ ದೂಮಪ್ಪ. ಪಾಸ್ಕಲ್ ಕೊಂಕಣಿ ಕ್ರಿಶ್ಚಿಯನ್, ಅಂಥವರನ್ನು ತುಳುವರು ಪೊರ್ಬುಗಳೆಂದೇ ಕರೆಯುವುದು. ದೂಮಪ್ಪ ತುಳುವಿನವನು. ಇಬ್ಬರ ನಡುವೆ ಕನ್ನಡವೇ ಅನುಕೂಲ.

ವಾರಕ್ಕೆರಡು ಸಲ ದೂಮಪ್ಪ ಮನೆಯ ಕಾಗದಗಳನ್ನು ಖುರುಮಿನಲ್ಲಿದ್ದ ವಕೀಲರ ಮನೆಗೆ ಒಯ್ಯುತ್ತಿದ್ದ. ಅಲ್ಲಿ ಅವನ ದಾರಿ ಕಾಯುತ್ತಿದ್ದವರು ವಕೀಲರ ತಾಯಿ. ಮನೆಯವರೆಲ್ಲ ಅವರನ್ನು ಬೀಬಿ ಎನ್ನುತ್ತಿದ್ದರು, ಅವನೂ ಹಾಗೆಯೇ ಕರೆದ. ಎಪ್ಪತ್ತರ ಹತ್ತಿರದ ಹೆಂಗಸು. ಓದು ಬರಹ ಗೊತ್ತಿಲ್ಲ. ಮನೆಮಾತು ಸ್ವಾಹಿಲಿ. ಆದರೆ ಜಾಂಜಿಬಾರಿನಲ್ಲಿ ಗುಜರಾತಿ ಸೇಠರ ಅಂಗಡಿಗಳಲ್ಲಿ ಕಲಿತ ಮುರುಕು ಹಿಂದಿ ಇತ್ತು. ದೂಮಪ್ಪನದ್ದೂ ಮುರುಕು ಹಿಂದಿಯೇ. ಎರಡು ಮುರುಕುಗಳು ಸೇರಿ ಮಾತು ಸರಾಗವಾಗಿ ನಡೆಯುತ್ತಿತ್ತು.

ಬೀಬಿ ಕಾಯುತ್ತಿದ್ದದ್ದು ತಂಗಿಯ ಕಾಗದಕ್ಕೆ. ತಂಗಿ ಜುವೇನಾ ಅಲ್ಲಿಯೇ ಮದುವೆಯಾಗಿ, ದಂಗೆಯಲ್ಲೂ ಗಂಡನೊಡನೆ ಅಲ್ಲಿಯೇ ಉಳಿದವಳು. ಅಕ್ಕತಂಗಿಯರು ಮುಖ ನೋಡಿ ಇಪ್ಪತ್ತು ವರ್ಷ ಕಳೆದಿತ್ತು. ಆಕೆಗೂ ಬರೆಯಲು ಬಾರದು. ಓಣಿಯ ಉಸ್ತಾದರೊಬ್ಬರಿಂದ ಸ್ವಾಹಿಲಿ ಮಾತನ್ನು ಅರಬ್ಬಿ ಅಕ್ಷರದಲ್ಲಿ ಬರೆಸಿ, ಕಾಗದದ ಕೊನೆಯಲ್ಲಿ ಮದರಂಗಿ ಹಚ್ಚಿದ ಹೆಬ್ಬೆರಳು ಒತ್ತುತ್ತಿದ್ದಳು. ವರ್ಷಕ್ಕೆ ಮೂರು ಕಾಗದ. ಯಾವಾಗಲೂ ನೀಲಿ ಲಕೋಟೆ. ದೂಮಪ್ಪ ಅದನ್ನು ಕೊಟ್ಟೊಡನೆ ಬೀಬಿ ಬಿಡಿಸಿ ಮೊದಲು ಕೆಳಗಿನ ಹೆಬ್ಬೆರಳ ಗುರುತನ್ನು ಮೂಸಿ ನೋಡುತ್ತಿದ್ದರು. ಮಧ್ಯಾಹ್ನ ಮಗ ಊಟಕ್ಕೆ ಬಂದು ಓದಬೇಕು. ಎಲ್ಲ ಕಾಗದಗಳ ಮೊದಲ ಸಾಲೂ ಒಂದೇ: "ಒಂದೇ ತಟ್ಟೆಯಲ್ಲಿ ನನ್ನೊಡನೆ ಉಂಡ ಅಕ್ಕನಿಗೆ." ಆ ಸಾಲನ್ನು ಮಗನಿಂದ ಎರಡು ಸಲ ಓದಿಸಿ, ಅದರ ಮೇಲೆ ಬೆರಳಾಡಿಸುತ್ತಿದ್ದರು. ನೋಡಿ ನೋಡಿ ದೂಮಪ್ಪನಿಗೂ ಆ ಸಾಲಿನ ಆಕಾರ ಮನಸ್ಸಿನಲ್ಲಿ ಕೂತಿತ್ತು. ಶುರುವಿನಲ್ಲಿ ಕೊಕ್ಕೆಯಂಥ ಅಕ್ಷರ, ನಡುವೆ ದೋಣಿಯಂಥ ಎರಡು.

ಎಂಬತ್ತೇಳರ ಕೊನೆಯಿಂದ ಕಾಗದ ಬರುವುದು ನಿಂತಿತು.

ಮೊದಲು ಕೆಲವು ತಿಂಗಳು ಬೀಬಿ ಅಂಚೆಯನ್ನು ಬೈದರು. ಆಮೇಲೆ ಉಸ್ತಾದರಿಗೆ ಹುಷಾರಿಲ್ಲವೇನೋ ಎಂದರು. ಎಂಬತ್ತೆಂಟರ ಈದ್ ಹಬ್ಬಕ್ಕೆ ವಕೀಲರು ಚಿಕ್ಕಮ್ಮನಿಗೆ ಶುಭಾಶಯದ ಕಾರ್ಡು ಕಳಿಸಿದರು. ಅದಕ್ಕೂ ಉತ್ತರ ಬರಲಿಲ್ಲ. ಅಲ್ಲಿಂದ ಮುಂದೆ ಬೀಬಿ ಏನೂ ಅನ್ನುವುದನ್ನು ಬಿಟ್ಟರು. ದೂಮಪ್ಪ ಗೇಟು ತೆರೆಯುವ ಸದ್ದಿಗೆ ಎದ್ದು ಬಾಗಿಲಿಗೆ ಬಂದು, ಅವನ ಮುಖ ನೋಡಿ ಒಳಗೆ ಹೋಗುತ್ತಿದ್ದರು. ಅವರು ಕೇಳದಿದ್ದರೂ ಅವನು ಹೇಳುತ್ತಿದ್ದ: "ಮುಂದಿನ ವಾರ ಬರಬಹುದು ಬೀಬಿ." ಹೇಳಿ ಹೇಳಿ ಆ ಮಾತು ಅವನಿಗೇ ನಾಚಿಕೆ ತರಿಸುತ್ತಿತ್ತು.

ಎಂಬತ್ತೊಂಬತ್ತರ ಫೆಬ್ರವರಿಯಲ್ಲಿ ಮಸೂದ್ ಎಂಬ ಹಳೆಯ ಕಕ್ಷಿದಾರರು ಕಚೇರಿಗೆ ಬಂದರು. ಜಾಂಜಿಬಾರಿನಲ್ಲಿದ್ದ ಲವಂಗದ ತೋಟವೊಂದಕ್ಕಾಗಿ ಅವರಿಗೂ ಅವರ ಅಣ್ಣನಿಗೂ ದೊಡ್ಡ ಜಗಳವಾಗಿತ್ತು. ಅಲ್ಲಿಂದ ಸಾಕ್ಷಿಗಳ ಹೇಳಿಕೆಗಳು ಉದ್ದನೆಯ ಕಂದು ಲಕೋಟೆಗಳಲ್ಲಿ ವಾರ ವಾರ ಬರುತ್ತಿದ್ದವು. ಖಟ್ಲೆ ಕೋರ್ಟಿಗೆ ಬಂದಾಗ ಒಟ್ಟಿಗೆ ಓದುತ್ತೇನೆ, ಬಂದದ್ದನ್ನು ಮೊಹರು ಹೊಡೆದು ಫೈಲಿಗೆ ಸೇರಿಸುತ್ತ ಹೋಗು ಎಂದು ವಕೀಲರು ಹೇಳಿದ್ದರು. ಅಷ್ಟರಲ್ಲಿ ಅಣ್ಣತಮ್ಮಂದಿರು ಒಂದು ಮದುವೆಯ ಊಟಕ್ಕೆ ಕೂತಲ್ಲಿ ರಾಜಿಯಾದರು. ಯಾರೂ ಓದದ ಆ ಫೈಲನ್ನು ದೂಮಪ್ಪ ಹೊಲಿದು, ರಟ್ಟು ಹಾಕಿ, ಕಪಾಟಿಗೆ ಸೇರಿಸಿದ್ದ. ಈಗ ಮಸೂದರು ಐದು ದಿನದಲ್ಲಿ ಜಾಂಜಿಬಾರಿಗೆ ಹೊರಟಿದ್ದರು, ಆ ಫೈಲಿನಲ್ಲಿದ್ದ ತೋಟದ ಮೂಲಪತ್ರ ಬೇಕಿತ್ತು.

"ಬಿಚ್ಚಿ ಕೊಡು" ಎಂದರು ವಕೀಲರು.

ತಾನು ಹೊಲಿದದ್ದನ್ನು ತಾನೇ ಬಿಚ್ಚುವುದು ಬೈಂಡಿಂಗಿನವನಿಗೆ ಸುಖದ ಕೆಲಸವಲ್ಲ. ದೂಮಪ್ಪ ಹಿಂದಿನ ಕೋಣೆಯಲ್ಲಿ ಕೂತು ಹುರಿಯನ್ನು ಒಂದೊಂದೇ ಕುಣಿಕೆಯಾಗಿ ಕತ್ತರಿಸಿದ. ಹಾಳೆಗಳನ್ನು ಬೋರಲಾಗಿ ಮಗುಚುತ್ತ ಹೋದ. ಅರ್ಧ ದಾಟಿದ ಮೇಲೆ ಒಂದು ಹಾಳೆಯ ಬೆನ್ನಿನ ಮೇಲೆ, ಕೆಳಗೆ, ಕಂದು ಬಣ್ಣದ ಹೆಬ್ಬೆರಳ ಗುರುತು ಕಾಣಿಸಿತು.

ಅವನು ಹಾಳೆಯನ್ನು ತಿರುಗಿಸಿದ. ಬೇರೆ ಯಾರದೋ ಕೈಬರಹ, ಉಸ್ತಾದರದ್ದಲ್ಲ. ಆದರೆ ಮೊದಲ ಸಾಲು ಅದೇ. ಕೊಕ್ಕೆ, ದೋಣಿ, ದೋಣಿ. ಆ ಸಾಲಿನ ಮೇಲೆಯೇ ಅವನು ಹೊಡೆದ ನೇರಳೆ ಮೊಹರು: ತಲುಪಿದ್ದು, ಹದಿನಾಲ್ಕು ಅಕ್ಟೋಬರ್ ಎಂಬತ್ತೇಳು.

ಆ ತಾರೀಕು ನೆನಪಾಗಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ಮಗಳು ಹುಟ್ಟಿದ ಸುದ್ದಿ ಬಂದದ್ದು ಆ ದಿನ. ಅಂಚೆ ಪೆಟ್ಟಿಗೆಯಲ್ಲಿ ವಿನೋದಾಳ ಕಾಗದ ಎಲ್ಲಕ್ಕಿಂತ ಕೆಳಗಿತ್ತು. ಕಚೇರಿಗೆ ಬಂದು, ಧಣಿಗಳ ಕೆಲಸ ಮೊದಲು ಮುಗಿಸಿ ಆಮೇಲೆ ತನ್ನದು ಓದುವ ಎಂದು ಶಿಸ್ತಿನವನಂತೆ ಕೂತ. ಕೈ ಮಾತ್ರ ಓಡಿತು. ಕಂದು ಲಕೋಟೆ, ಟೈಪು ಮಾಡಿದ ವಿಳಾಸ, ಜಾಂಜಿಬಾರಿನ ಚೀಟಿ. ಎಲ್ಲ ಮಸೂದರದ್ದೇ. ಒಂದನ್ನೂ ಹಿಂದೆ ತಿರುಗಿಸಿ ನೋಡದೆ ಟಪಟಪ ಮೊಹರು ಹೊಡೆದಿದ್ದ. ಆ ದಿನ ಮಧ್ಯಾಹ್ನ ಕಚೇರಿಗೆಲ್ಲ ಲಡ್ಡು ಹಂಚಿದ್ದ. ಬೀಬಿಗೂ ಎರಡು ಒಯ್ದು ಕೊಟ್ಟಿದ್ದ.

ಅವನು ಹಾಳೆ ಹಿಡಿದುಕೊಂಡು ಟೈಪಿಸ್ಟನ ಮೇಜಿಗೆ ಬಂದ. ಪಾಸ್ಕಲ್ ನೋಡಿ, ಕೇಳಿ, ಟೈಪ್‌ರೈಟರಿನಿಂದ ಕೈ ತೆಗೆದ.

"ಎಂತ ಮಾರಾಯ್ರೆ ಇದು! ಹದಿನಾರು ತಿಂಗಳು!"

"ಹೌದು."

"ನಮ್ಮ ಅರ್ಬಾಬ್ ವಕೀಲರಿಗೆ ಹೇಳಿದ್ರೆ ಖಲಾಸ್. ನಿಮಗೆ ವೀಸಾ ಕೊಟ್ಟ ಕಫೀಲ್ ಅವರೇ ಅಲ್ವಾ? ಮರುದಿವಸ ಊರಿಗೆ ವಿಮಾನ."

"ಅದೂ ಹೌದು."

ಪಾಸ್ಕಲ್ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. "ಒಂದು ಮಾತು ಹೇಳ್ತೇನೆ, ಬೇಜಾರು ಮಾಡಬೇಡಿ. ನೀವು ಬೈಂಡಿಂಗಿನವರು. ಮೇಲಿನ ಅಂಚು ಅರ್ಧ ಇಂಚು ಕತ್ತರಿಸಿ. ಮೊಹರು ಹೋಯ್ತು. ನಾಡಿದ್ದು ಬೇರೆ ಲಕೋಟೆಯಲ್ಲಿ ಹಾಕಿ ಕೊಡಿ, ಈಗ ಬಂತು ಅಂತ ಹೇಳಿ. ತಡವಾಗಿ ಬಂದ ಕಾಗದ ಲೋಕದಲ್ಲಿ ಇದೊಂದೇ ಅಲ್ಲ."

ದೂಮಪ್ಪ ಹಾಳೆಯೊಡನೆ ತನ್ನ ಕೋಣೆಗೆ ಹೋಗಿ ಅಂಚು ಕತ್ತರಿಸುವ ಚೂರಿ ತೆಗೆದ, ಉಕ್ಕಿನ ಪಟ್ಟಿ ಇಟ್ಟ. ಕಿನ್ನಿಗೋಳಿಯಲ್ಲಿ ಅರ್ಧ ಕಟ್ಟಿದ ಮನೆಯ ಗೋಡೆಗಳಿದ್ದವು. ವಿನೋದಾ ಇದ್ದಳು, ಒಮ್ಮೆ ಮಾತ್ರ ಎತ್ತಿಕೊಂಡ ಮಗು ಇತ್ತು. ಚೂರಿಗೆ ಇದು ಒಂದು ಕ್ಷಣದ ಕೆಲಸ, ಅವನ ಕೈಯ ಕತ್ತರಿಕೆ ಯಾರಿಗೂ ಗೊತ್ತಾಗುವಂಥದ್ದಲ್ಲ. ಪಟ್ಟಿಯನ್ನು ಸರಿಸಿ ಸರಿಸಿ ನೋಡಿದ. ಮೊಹರು ಹೋಗಬೇಕಾದರೆ ಅದರ ಕೆಳಗೆ ಸಿಕ್ಕಿದ ಮೊದಲ ಸಾಲೂ ಹೋಗಬೇಕು. ಬೀಬಿ ಬೆರಳಾಡಿಸುವ ಸಾಲು. ಅದಿಲ್ಲದ ಕಾಗದವನ್ನು ಅವರು ಹೇಗೆ ಹಿಡಿದುಕೊಂಡಾರು ಎಂದು ಅವನು ಯೋಚಿಸಿದ. ಚೂರಿಯನ್ನು ಒರೆಸಿ ಡಬ್ಬಕ್ಕೆ ಹಾಕಿ, ಹಾಳೆಯನ್ನು ಎರಡು ರಟ್ಟುಗಳ ನಡುವೆ ಇಟ್ಟು, ಟ್ಯಾಕ್ಸಿ ಹಿಡಿದು ಖುರುಮಿಗೆ ಹೋದ.

ಬೀಬಿ ಬಾಗಿಲಿಗೆ ಬಂದರು. ಅವನ ಮುಖ ನೋಡಿದರು. ಈ ಸಲ ಒಳಗೆ ಹೋಗಲಿಲ್ಲ.

"ಏನಾಯಿತು ದೂಮಾ?"

ಅವನು ರಟ್ಟು ತೆರೆದು ಕೊಟ್ಟ. ಅವರ ಕೈ ತಾನಾಗಿ ಹಾಳೆಯ ಹಿಂಬದಿಗೆ ಹೋಯಿತು. ಹೆಬ್ಬೆರಳ ಗುರುತನ್ನು ಮೂಗಿಗೆ ಹಿಡಿದರು. ಮದರಂಗಿಯ ವಾಸನೆ ಹೋಗಿ ಗೋಂದಿನ ವಾಸನೆ ಬಂದಿರಬೇಕು, ಅವರು ಹುಬ್ಬು ಗಂಟಿಕ್ಕಿದರು.

"ಇದು ಬಂದು ವರ್ಷದ ಮೇಲಾಯಿತು ಬೀಬಿ. ನಾನು ತಪ್ಪಿ ಬೇರೆಯವರ ಪುಸ್ತಕದಲ್ಲಿ ಹೊಲಿದುಬಿಟ್ಟೆ."

ಬೀಬಿಗೆ ಅದು ಅರ್ಥವಾಗಲಿಲ್ಲ. ಅವನು ಎರಡನೆಯ ಸಲ ಹೇಳಿದ. ಕೈಯಲ್ಲಿ ದಬ್ಬಣ ಹಿಡಿದಂತೆ ಮಾಡಿ ತೋರಿಸಿದ. ಆಗ ಅವರು ಮೆಲ್ಲನೆ ಗೋಡೆ ಹಿಡಿದು ಕೂತರು. ಮಗ ಊಟಕ್ಕೆ ಬರುವವರೆಗೆ ಅವರೂ ಎದ್ದೇಳಲಿಲ್ಲ, ಹೊಸ್ತಿಲ ಹೊರಗೆ ನಿಂತಿದ್ದ ಅವನೂ ಕೂರಲಿಲ್ಲ.

ವಕೀಲರು ಓದಿದರು. ತಾಯಿಗಾಗಿ ಸ್ವಾಹಿಲಿಯಲ್ಲಿ ಓದಿ, ಆಮೇಲೆ ದೂಮಪ್ಪನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು. ಅವನಿಗೂ ಗೊತ್ತಾಗಲಿ ಎಂದೇ ಒಂದೊಂದು ಮಾತನ್ನು ಬಿಡಿಸಿ ಹೇಳಿದರು. ಜುವೇನಾಳ ಗಂಡ ತೀರಿಕೊಂಡಿದ್ದ. ಬರೆದುಕೊಡುತ್ತಿದ್ದ ಉಸ್ತಾದರೂ ಇಲ್ಲ, ಹಾಗಾಗಿ ಪೇಟೆಯ ಬರವಣಿಗೆಯವನಿಂದ ಬರೆಸಿದ್ದಾಳೆ, ಕಂದು ಲಕೋಟೆಯೂ ಟೈಪು ಮಾಡಿದ ವಿಳಾಸವೂ ಅವನದ್ದೇ. ಇದ್ದ ಮನೆ ಗಂಡನ ಅಣ್ಣನ ಮಕ್ಕಳ ಪಾಲಾಗುತ್ತದೆ. ಮಕ್ಕಳಿಲ್ಲದ ತಾನು ಇನ್ನು ಅಕ್ಕನ ಹತ್ತಿರ ಬಂದು ಇರಲೇ? ಬರುವ ರಂಜಾನಿನ ಒಳಗೆ ಉತ್ತರ ಬೇಕು. ಉತ್ತರ ಬಾರದಿದ್ದರೆ ನಿಮ್ಮ ಮನೆಯಲ್ಲಿ ಜಾಗವಿಲ್ಲವೆಂದು ತಿಳಿದುಕೊಳ್ಳುತ್ತೇನೆ, ಮತ್ತೆ ಬರೆದು ನಿನ್ನನ್ನು ನಾಚಿಸುವುದಿಲ್ಲ.

"ರಂಜಾನ್ ಕಳೆದು ಈದ್‌ಗೆ ನಾನು ಏನು ಕಳಿಸಿದೆ ಗೊತ್ತಾ?" ವಕೀಲರು ಹಾಳೆ ಕೆಳಗಿಟ್ಟರು. "ಹೂವಿನ ಚಿತ್ರದ ಕಾರ್ಡು. ಎರಡು ಸಾಲು. ಅವಳು ಅದನ್ನೇ ಉತ್ತರ ಅಂದುಕೊಂಡಿರುತ್ತಾಳೆ."

ದೂಮಪ್ಪ ತಲೆ ಎತ್ತಲಿಲ್ಲ. "ನನ್ನದೇ ತಪ್ಪು ಸಾಹೇಬ್. ಆ ದಿವಸ ನನ್ನ ಮಗಳು ಹುಟ್ಟಿದ ಕಾಗದ ಬಂದಿತ್ತು. ನಾನು ಹಿಂದೆ ತಿರುಗಿಸಿ ನೋಡಲಿಲ್ಲ."

ವಕೀಲರು ಏನೋ ಹೇಳಲು ಹೊರಟರು. ಬೀಬಿ ಕೈ ಎತ್ತಿದರು. "ಅವನನ್ನು ಆಮೇಲೆ ಬೈ. ಮೊದಲು ಅವಳಿಗೆ ಹೇಳು."

ಹೇಗೆ ಹೇಳುವುದು ಎನ್ನುವುದೇ ಪ್ರಶ್ನೆಯಾಯಿತು. ಜುವೇನಾಳ ಬಳಿ ಫೋನಿಲ್ಲ. ಅಂಚೆಗೆ ಹಾಕಿದರೆ ಮೂರು ವಾರ, ತಿಂಗಳು. ಸಿಕ್ಕಿದರೂ ಬೇರೆ ಯಾರೋ ಓದಿ ಹೇಳಬೇಕು. ವಕೀಲರು ಕಾಗದ ತೆಗೆದುಕೊಂಡು ಬರೆಯಲು ಕೂತು, ಹರಿದು, ಮತ್ತೆ ಕೂತರು. ತಪ್ಪು ಹೇಗಾಯಿತೆಂದು ವಿವರಿಸಲು ಹೊರಟರೆ ಅದು ಕೋರ್ಟಿನ ಮನವಿಯ ಹಾಗೆ ಕಾಣುತ್ತಿತ್ತು.

"ಇದನ್ನು ಅವಳು ನಂಬುವುದಿಲ್ಲ" ಎಂದರು ಬೀಬಿ. "ಹೊಲಿಗೆಯಂತೆ, ಪುಸ್ತಕವಂತೆ. ವಕೀಲ ಮಗ ಒಳ್ಳೆಯ ನೆಪ ಕಟ್ಟಿದ ಅನ್ನುತ್ತಾಳೆ."

ಆಗ ದೂಮಪ್ಪ ಬಾಯಿಬಿಟ್ಟ. ಕೊಲ್ಲಿಯಲ್ಲಿದ್ದ ಊರಿನವರೆಲ್ಲ ಮಾಡುತ್ತಿದ್ದ ಒಂದು ಉಪಾಯ ಅವನಿಗೆ ಗೊತ್ತಿತ್ತು. ಓದಲು ಬಾರದ ಅಮ್ಮಂದಿರಿಗೆ, ಅಕ್ಷರ ಕಲಿಯದ ಮಕ್ಕಳಿಗೆ, ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತನ್ನೇ ತುಂಬಿ, ರಜೆಗೆ ಹೋಗುವವರ ಕೈಯಲ್ಲಿ ಕೊಟ್ಟು ಕಳಿಸುವುದು. ಅವನೂ ಮಗಳಿಗೆ ಹಾಗೆ ಕಳಿಸುತ್ತಿದ್ದ. "ಬೀಬಿ, ಬರೆಯುವುದು ಬೇಡ. ನೀವೇ ಮಾತಾಡಿ. ನನ್ನ ಟೂ-ಇನ್-ವನ್ ಟೇಪ್‌ರೆಕಾರ್ಡರ್ ತರುತ್ತೇನೆ. ಮಸೂದ್ ಸಾಹೇಬರು ಈ ವಾರವೇ ಹೋಗುತ್ತಾರೆ."

ವಕೀಲರು ಅವನನ್ನು ದಿಟ್ಟಿಸಿ ನೋಡಿ, ಕಾರಿನ ಚಾಲಕನನ್ನು ಕರೆದು, ದಾರ್ಸೈಟಿನಲ್ಲಿ ಇವನು ಇರುವ ಕೋಣೆಗೆ ಕರೆದುಕೊಂಡು ಹೋಗು ಎಂದರು.

ಯಂತ್ರವನ್ನು ಮೇಜಿನ ಮೇಲಿಟ್ಟು, ಕೆಂಪು ಗುಂಡಿ ಒತ್ತಿದರೆ ಬೀಬಿಯ ಬಾಯಿ ಕಟ್ಟಿತು. ಗಂಟಲು ಸರಿಮಾಡಿಕೊಂಡರು.

"ಡಬ್ಬಿಯೊಡನೆ ಹೇಗೆ ಮಾತಾಡಲಿ? ಡಬ್ಬಿಗೆ ಕಣ್ಣಿದೆಯಾ?"

"ಎದುರಿಗೆ ತಂಗಿ ಕೂತಿದ್ದಾಳೆ ಅಂತ ತಿಳಿದುಕೊಳ್ಳಿ ಅಮ್ಮ" ಎಂದರು ವಕೀಲರು.

"ಎಲ್ಲಿ ಕೂತಿದ್ದಾಳೆ? ನನಗೆ ಕುರ್ಚಿ ಕಾಣುತ್ತದೆ." ಬೀಬಿ ಸುತ್ತ ನೋಡಿದರು. "ದೂಮಾ, ನೀನು ಕೂತುಕೋ."

ಎಂಟು ವರ್ಷದಲ್ಲಿ ಆ ಮನೆಯ ಕುರ್ಚಿಯಲ್ಲಿ ದೂಮಪ್ಪ ಕೂತವನಲ್ಲ. ತುದಿಯಲ್ಲಿ ಕೂತ, ಕೈಗಳನ್ನು ಮಂಡಿಯ ನಡುವೆ ಸೇರಿಸಿಕೊಂಡ. ವಕೀಲರಿಗೆ ಏನು ತೋಚಿತೋ, ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

ಬೀಬಿ ಅವನ ಮುಖವನ್ನೇ ನೋಡುತ್ತ ಶುರುಮಾಡಿದರು. ಮೊದಲು ಮೆಲ್ಲಗೆ, ಯಾರದೋ ಯೋಗಕ್ಷೇಮ ಕೇಳಿದಂತೆ. ಆಮೇಲೆ ದನಿ ಏರಿತು. ಸ್ವಾಹಿಲಿಯಲ್ಲಿ ದೂಮಪ್ಪನಿಗೆ ಗೊತ್ತಿದ್ದದ್ದು ಬೆರಳೆಣಿಕೆಯ ಮಾತು. ಆದರೆ ತನ್ನನ್ನು ಈಗ ಬೈಯಲಾಗುತ್ತಿದೆ ಎಂದು ತಿಳಿಯಲು ಭಾಷೆ ಬೇಕಾಗಲಿಲ್ಲ. ಅಕ್ಕಂದಿರು ಬೈಯುವ ಬೈಗಳು ಅದು. ನನ್ನ ಮನೆಯಲ್ಲಿ ನಿನಗೆ ಜಾಗವಿಲ್ಲವೆಂದು ನೀನು ಹೇಗೆ ಅಂದುಕೊಂಡೆ ಎಂದು ಅವರು ಕೇಳುತ್ತಿರಬೇಕು, ನೆಲವನ್ನು ಬೆರಳಿನಿಂದ ಕುಟ್ಟಿ ಕುಟ್ಟಿ ಜಾಗ ತೋರಿಸುತ್ತಿದ್ದರು. ದೂಮಪ್ಪ ತಲೆ ತಗ್ಗಿಸಿದ. ಅವನು ತಗ್ಗಿಸಿದಷ್ಟೂ ಅವರಿಗೆ ಉತ್ಸಾಹ ಬಂದು ಇನ್ನಷ್ಟು ಬೈದರು. ನಡುವೆ ಒಮ್ಮೆ ನಕ್ಕರು. ಒಂದು ಹಾಡಿನ ಎರಡು ಸಾಲು ಗುನುಗಿ ಮರೆತು ನಿಲ್ಲಿಸಿದರು. ಸತ್ತವರ ಹೆಸರುಗಳನ್ನು ಒಂದೊಂದಾಗಿ ಹೇಳಿ, ಪ್ರತಿಯೊಂದು ಹೆಸರಿಗೂ ತುಸು ಬಿಡುವು ಕೊಟ್ಟರು. ಆ ಬಿಡುವಿನಲ್ಲಿ ತಂಗಿ ಏನಾದರೂ ಹೇಳಲಿ ಎನ್ನುವಂತೆ. ಹೇಳುವವರಿಲ್ಲದೆ ದೂಮಪ್ಪ ಗೋಣು ಹಾಕಿದ. ಯಾವಾಗಲೋ ಅವನ ಕಣ್ಣಿನಲ್ಲಿ ನೀರು ಬಂತು. ಬೀಬಿ ಅದನ್ನು ನೋಡಿ, ಮುಂದೆ ಬಾಗಿ, ತಮ್ಮ ಕರಿಯ ಮುಸುಕಿನ ಅಂಚಿನಿಂದ ಅವನ ಕೆನ್ನೆ ಒರೆಸಿದರು. ಯಾರ ಕೆನ್ನೆ ಎಂದುಕೊಂಡು ಒರೆಸಿದರೋ ಅವನಿಗೆ ತಿಳಿಯಲಿಲ್ಲ.

ಒಂದು ಬದಿ ಮುಗಿದು ಗುಂಡಿ ತಾನಾಗಿ ಮೇಲೆ ನೆಗೆಯಿತು. ಅವನು ಮಗುಚಿ ಹಾಕಿದ. ಎರಡನೆಯ ಬದಿಯ ಕೊನೆಗೆ ಬೀಬಿ ಅವನ ಕಡೆ ಕೈ ತೋರಿಸಿ ಏನೋ ವಿವರಿಸಿ, ಯಂತ್ರವನ್ನು ಅವನತ್ತ ತಳ್ಳಿದರು.

"ಇವನೇ ಹೊಲಿದವನು ಅಂತ ಹೇಳಿದ್ದೇನೆ. ನೀನೇ ಹೇಳು ಅವಳಿಗೆ."

"ಯಾವ ಭಾಷೆಯಲ್ಲಿ ಬೀಬಿ?"

"ನಿನ್ನ ತಾಯಿಯ ಹತ್ತಿರ ಯಾವುದರಲ್ಲಿ ಹೇಳುತ್ತೀಯೋ ಅದರಲ್ಲಿ."

ದೂಮಪ್ಪ ಯಂತ್ರದ ಹತ್ತಿರ ಬಾಗಿದ. "ಎನ್ನ ತಪ್ಪಾಂಡ್ ಅಮ್ಮಾ" ಎಂದ. ತಪ್ಪಾಯಿತು ಎಂದಷ್ಟೇ. ಟೇಪು ಸುಮಾರು ಹೊತ್ತು ಸುಮ್ಮನೆ ತಿರುಗಿತು.

ಮಸೂದರು ಕ್ಯಾಸೆಟ್ಟನ್ನು ತಮ್ಮ ಮೂಲಪತ್ರಗಳೊಡನೆ ಒಯ್ದರು. ದೂಮಪ್ಪನ ಕೆಲಸ ಹೋಗಲಿಲ್ಲ, ಮಾಫಿಯೂ ಸಿಗಲಿಲ್ಲ. ವಕೀಲರು ಕರೆದು ಹೇಳಿದ್ದು ಒಂದೇ ಮಾತು: "ಇನ್ನು ಮನೆಯ ಕಾಗದಕ್ಕೆ ಮೊಹರು ಬೇಡ, ಸಂಖ್ಯೆ ಬೇಡ. ನನ್ನ ತಂದೆಯ ಕ್ರಮ ಕಚೇರಿಗೆ ಸಾಕು." ಅಂದಿನಿಂದ ದೂಮಪ್ಪ ಪ್ರತಿಯೊಂದು ಹಾಳೆಯನ್ನೂ ಎರಡೂ ಬದಿ ತಿರುಗಿಸಿ ನೋಡಿದ ಮೇಲೆಯೇ ಮೊಹರಿಗೆ ಕೈ ಹಾಕುತ್ತಿದ್ದ. ಹತ್ತು ಗಂಟೆಗೆ ಮುಗಿಯುವ ಕೆಲಸ ಹನ್ನೊಂದೂವರೆಗೆ ಮುಗಿಯುತ್ತಿತ್ತು.

"ಸೊಳ್ಳೆ ಹುಡುಕ್ತೀರಾ ದೂಮಣ್ಣ?" ಎಂದು ಪಾಸ್ಕಲ್ ಕೇಳಿದ.

"ನೀವು ಟೈಪು ಮಾಡಿ ಪೊರ್ಬುಗಳೇ."

"ಅಲ್ಲ, ನಾನು ಅವತ್ತು ಕತ್ತರಿಸಿ ಅಂದೆ ಅಲ್ವಾ. ಮನೆಯಲ್ಲಿ ಹೆಂಡತಿ ಗ್ರೆಟ್ಟಾನ ಹತ್ತಿರ ಹೇಳಿದೆ. ಎರಡು ದಿವಸ ನನ್ನೊಟ್ಟಿಗೆ ಮಾತಾಡಲಿಲ್ಲ ಅವಳು."

"ಗ್ರೆಟ್ಟಾ ಬಾಯಿ ಎಂತ ಮಾಡಿದರು, ಊಟ ಹಾಕಿದರಾ ಇಲ್ಲವಾ?"

"ಊಟ ಹಾಕಿದಳು. ಮೀನು ಹಾಕಲಿಲ್ಲ."

ಮಾರ್ಚ್ ಕಳೆಯಿತು, ರಂಜಾನ್ ಬಂದು ಹೋಯಿತು. ಮಸೂದರು ಮೇ ತಿಂಗಳಲ್ಲಿ ಹಿಂತಿರುಗಿದವರು ನೇರವಾಗಿ ಖುರುಮಿನ ಮನೆಗೇ ಬಂದರು. ಜುವೇನಾ ಜಾಂಜಿಬಾರ್ ಪೇಟೆಯಲ್ಲಿ ಇರಲಿಲ್ಲವಂತೆ. ಪಕ್ಕದ ಪೆಂಬಾ ದ್ವೀಪಕ್ಕೆ, ಗಂಡನ ತಂಗಿಯ ಮಗಳ ಮನೆಗೆ ಹೋಗಿದ್ದಳು. ಮಸೂದರು ದೋಣಿ ಹತ್ತಿ ಅಲ್ಲಿಗೆ ಹೋಗಿ, ಯಂತ್ರ ಇದ್ದ ಮನೆ ಹುಡುಕಿ, ಕ್ಯಾಸೆಟ್ಟು ಕೇಳಿಸಿದ್ದರು. ಅದೇ ಯಂತ್ರದಲ್ಲಿ ತುಂಬಿಸಿದ ಉತ್ತರ ತಂದಿದ್ದರು.

ದೂಮಪ್ಪನಿಗೂ ಕರೆ ಬಂತು. ಈ ಸಲ ವಕೀಲರು ತುಸು ತುಸುವಾಗಿ ನಿಲ್ಲಿಸಿ ಅವನಿಗೆ ಅರ್ಥ ಹೇಳಿದರು. ಜುವೇನಾ ಮೊದಲ ಕಾಲು ಗಂಟೆ ಅಕ್ಕನಿಗೆ ಬೈದಿದ್ದಳು. ಬೀಬಿ ಕೇಳುತ್ತ ಕೇಳುತ್ತ ಬಾಯಿಗೆ ಕೈ ಹಿಡಿದು ನಗುತ್ತಿದ್ದರು, ಅಳುತ್ತಿದ್ದರು. ಆಮೇಲೆ ಆಕೆಯ ದನಿ ಇಳಿಯಿತು. ಉತ್ತರ ಬಾರದಾಗ ಮಂಚ, ಪಾತ್ರೆ ಎಲ್ಲ ಕೊಟ್ಟು ಇಲ್ಲಿಗೆ ಬಂದೆ. ಬಂದ ಮೂರನೆಯ ತಿಂಗಳು ಆಸರೆ ಕೊಟ್ಟ ಈ ಹುಡುಗಿಯೇ ಹೆರಿಗೆಯಲ್ಲಿ ತೀರಿಕೊಂಡಳು. ಕೂಸು ಈಗ ನನ್ನ ತೋಳಿನ ಮೇಲೆ ಮಲಗುತ್ತದೆ, ಬೇರೆ ಯಾರು ಎತ್ತಿಕೊಂಡರೂ ನಿದ್ದೆ ಮಾಡುವುದಿಲ್ಲ. ನಿನ್ನ ಮನೆಯಲ್ಲಿ ಜಾಗವಿದೆಯೆಂದು ತಿಳಿಯಿತು, ಅಷ್ಟು ಸಾಕು. ನಾನು ಈಗ ಬರಲಾರೆ ಅಕ್ಕಾ.

ಟೇಪಿನ ಹಿಂದೆ ಎಲ್ಲೋ ಒಂದು ಮಗು ರಗಳೆ ಮಾಡುವುದು ಕೇಳುತ್ತಿತ್ತು.

ವಕೀಲರು ಯಂತ್ರ ನಿಲ್ಲಿಸಿದರು. ದೂಮಪ್ಪ ನಿಂತುಹೋದ ಯಂತ್ರವನ್ನೇ ನೋಡಿದ. ತಾನು ಕಾಗದವನ್ನು ಆಗಲೇ ಕೊಟ್ಟಿದ್ದರೆ ಜುವೇನಾ ಇಲ್ಲಿ ಅಕ್ಕನ ಜೊತೆ ಇರುತ್ತಿದ್ದಳು. ಆದರೆ ಆ ಕೂಸಿಗೆ ತೋಳು ಇರುತ್ತಿರಲಿಲ್ಲ. ಇದನ್ನು ಯಾವ ಕಡೆಯಿಂದ ಎತ್ತಿ ಹಿಡಿಯಬೇಕೋ ತಿಳಿಯದೆ ಅವನು ನಿಂತಿದ್ದ.

"ಕೂಸು ಹುಟ್ಟಿದ್ದು ಯಾವಾಗ ಅಂದಳು?" ಬೀಬಿ ಕೇಳಿದರು.

"ಕಳೆದ ಬಕ್ರೀದಿನ ಹೊತ್ತಿಗೆ."

ಬೀಬಿ ಬೆರಳು ಮಡಚಿ ಲೆಕ್ಕ ಹಾಕಿದರು. "ಹಾಗಾದರೆ ಅದು ಈಗ ಗೋಡೆ ಹಿಡಿದು ನಡೆಯುತ್ತದೆ. ಅಂಥ ಮಗುವನ್ನು ಹಡಗು ವಿಮಾನ ಅಂತ ಎಳೆದಾಡಬಾರದು." ಆಮೇಲೆ ಮಗನ ಕಡೆ ತಿರುಗಿದರು. "ನನ್ನ ಪಾಸ್‌ಪೋರ್ಟ್ ತೆಗೆ."

ಇಪ್ಪತ್ತೈದು ವರ್ಷ ಆ ಊರಿನ ಹೆಸರು ಹೇಳಿದರೆ ಮುಖ ತಿರುಗಿಸುತ್ತಿದ್ದ ತಾಯಿ ಇವರೇನಾ ಎಂದು ವಕೀಲರು ನೋಡಿದರು. ಕಾಲು ನೋವು, ರಕ್ತದೊತ್ತಡ, ಅಲ್ಲಿನ ನೀರು ಎಂದೆಲ್ಲ ವಾದಿಸಿದರು. ಆ ವಾದದಲ್ಲಿ ಅವರು ಗೆಲ್ಲಲಿಲ್ಲ.

ಜೂನ್ ತಿಂಗಳಲ್ಲಿ ಬೀಬಿ ಹೊರಟರು. ಸೀಬ್ ವಿಮಾನ ನಿಲ್ದಾಣದಲ್ಲಿ ವಕೀಲರು ಪೆಟ್ಟಿಗೆ ತೂಗಿಸಲು ಸಾಲಿನಲ್ಲಿ ನಿಂತಿದ್ದರು. ಸಾಮಾನು ಹೊರಲು ಬಂದಿದ್ದ ದೂಮಪ್ಪನನ್ನು ಬೀಬಿ ಪಕ್ಕದ ಕುರ್ಚಿ ತೋರಿಸಿ ಕೂರಿಸಿಕೊಂಡರು. ಅಷ್ಟು ದೊಡ್ಡ ಹೆಂಗಸು ಮಗುವಿನಂತೆ ಅವನ ಅಂಗಿಯ ತೋಳು ಹಿಡಿದುಕೊಂಡಿದ್ದರು.

"ದೂಮಾ, ನಾನು ಬರುವಾಗ ಅವಳಿಗೆ ಮೂವತ್ತೆಂಟು. ಕೂದಲು ಇಲ್ಲಿವರೆಗೆ ಇತ್ತು. ಈಗ ಅಲ್ಲಿ ಹತ್ತು ಮುದುಕಿಯರು ನಿಂತಿದ್ದರೆ ನನಗೆ ಗುರುತು ಸಿಗುತ್ತದಾ? ಸಿಗದಿದ್ದರೆ ಅವಳಿಗೆ ಎಷ್ಟು ಬೇಜಾರಾಗುತ್ತದೆ."

ದೂಮಪ್ಪ ಯೋಚಿಸಿದ.

"ಗುರುತು ಸಿಗದಿದ್ದರೆ ನಿಂತಲ್ಲಿಂದಲೇ ಜೋರಾಗಿ ಬೈಯಿರಿ ಬೀಬಿ" ಎಂದ. "ತಿರುಗಿ ಬೈಯುವವರು ಯಾರೋ ಅವರೇ."

ಬೀಬಿ ಅವನನ್ನು ನೋಡಿದರು. ನಗು ಮೊದಲು ಹೊಟ್ಟೆಯಲ್ಲಿ ಹುಟ್ಟಿ ಭುಜಕ್ಕೆ ಏರಿ, ಸಾಲಿನಲ್ಲಿದ್ದ ಮಗ ಹಿಂತಿರುಗಿ ನೋಡುವಷ್ಟು ದೊಡ್ಡದಾಯಿತು. ನಕ್ಕು ಮುಗಿಸಿ, ಕಣ್ಣು ಒರೆಸಿಕೊಂಡು, ಅವನ ತೋಳನ್ನು ಬಿಟ್ಟರು.

"ನಿನ್ನ ಮಗಳ ಹೆಸರೇನು?"

"ದಮಯಂತಿ. ನನ್ನ ಅಮ್ಮನ ಹೆಸರು."

"ಅವಳಿಗೆ ನಿನ್ನ ಮುಖ ಗೊತ್ತಾ?"

"ಫೋಟೋದಲ್ಲಿ ಗೊತ್ತು."

ಬೀಬಿ ಎದ್ದು ನಿಂತು ಮಗನನ್ನು ಕೂಗಿದರು. ಈ ಹುಡುಗನಿಗೆ ರಜೆ ಯಾವಾಗ ಎಂದು ಕೇಳಿದರು. ಮುಂದಿನ ವರ್ಷ ಎಂದರು ವಕೀಲರು. ನಲವತ್ತು ಸಮೀಪಿಸಿದ್ದ ಹುಡುಗ ತಲೆ ತಗ್ಗಿಸಿ ಅವರ ಕೈಚೀಲ ಎತ್ತಿಕೊಂಡ.

"ನಾನು ಮರಳಿ ಬರುವಾಗ ಇವನು ಇಲ್ಲಿರಬಾರದು" ಎಂದರು ಬೀಬಿ. "ಊರಿನಲ್ಲಿ ಮಗಳ ಹತ್ತಿರ ಇರಬೇಕು. ನನ್ನ ಪೆಟ್ಟಿಗೆ ನೀನೇ ಹೊರು."

ಅವನಿಂದ ಕೈಚೀಲ ತೆಗೆದುಕೊಂಡು, ಮಗನ ಉತ್ತರಕ್ಕೆ ಕಾಯದೆ, ಕಾಲು ಎಳೆಯುತ್ತ ಅವರು ಒಳಬಾಗಿಲಿನ ಕಡೆಗೆ ನಡೆದರು.